ಎರಡು ಉವಾ

ವೈಲೋಮದ ಸೈರನ್ ಎರಡನೆಯ ಸಲ ವಿನಾಕಾರಣ ಕೂಗಿದ ದಿನ ಫೋನ್ ಮಾಡಿದ ಊರಿನ ಮುಖಂಡ ಕಿತಿಯೋನೆ ಬೈಯಲಿಲ್ಲ. ಬೈದಿದ್ದರೆ ವಸೇವಾಗೆ ಎಷ್ಟೋ ಹಗುರಾಗುತ್ತಿತ್ತು.

“ಸಮುದ್ರ ತಟ್ಟೇಲಿಟ್ಟ ಎಣ್ಣೆ ಹಂಗಿತ್ತು ಮಗಳೇ,” ಎಂದರು. “ನಡೆಯೋಕಾಗದ ಅಜ್ಜೀರನ್ನ ಬೆನ್ನ ಮೇಲೆ ಹೊತ್ಕೊಂಡು ಗುಡ್ಡ ಹತ್ತಿದ್ವಿ. ಮೇಲೆ ಕೂತು ನೋಡಿದ್ರೆ ಕೆಳಗೆ ನಮ್ಮ ನಾಯಿ ಆರಾಮಾಗಿ ಈಜ್ತಾ ಇತ್ತು. ಹೋದ ಅಮಾವಾಸ್ಯೇಲೂ ಇದೇ ಕತೆ. ಇನ್ನೊಂದು ಸಲ ಹಿಂಗೆ ಕೂಗಿದ್ರೆ ಕಿತ್ತು ಬಸ್ಸಿಗೆ ಹಾಕಿ ನಿನಗೇ ಕಳಿಸ್ತೀನಿ. ಸುವಾದಲ್ಲೇ ಕೂಗಿಸ್ಕೋ.”

ಮುಂದಿನ ಅಮಾವಾಸ್ಯೆಗೆ ಹದಿನಾಲ್ಕು ದಿನ ಇತ್ತು. ಆ ಅಮಾವಾಸ್ಯೆ ಬೀಳುವುದು ಶುಕ್ರವಾರ, ಬೆಳಗ್ಗೆ ಏಳಕ್ಕೆ ಈ ವರ್ಷದ ಅತಿ ದೊಡ್ಡ ಉಬ್ಬರ.

ವಸೇವಾ ಫಿಜಿಯ ರಾಜಧಾನಿ ಸುವಾದ ಮುನ್ಸೂಚನೆ ಕಚೇರಿಯಲ್ಲಿ ಅಲೆಗಳ ಲೆಕ್ಕ ನೋಡಿಕೊಳ್ಳುವವಳು. ಭೌತಶಾಸ್ತ್ರ ಓದಿ, ಪ್ರೋಗ್ರಾಮ್ ಬರೆಯುವುದನ್ನು ಕೆಲಸ ಮಾಡುತ್ತ ಮಾಡುತ್ತ ಕಲಿತವಳು. ವೈಲೋಮದಲ್ಲಿ ಸೈರನ್ ನಿಲ್ಲಿಸಿದ್ದು ಅವಳೇ. ಮೂರು ವರ್ಷದ ಹಿಂದೆ, ಎಲ್ಲೋ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಬಿಸಿಲು ಕಾಯುವ ಒಂದು ಮಧ್ಯಾಹ್ನ ಹವಳದ ದಿಬ್ಬವನ್ನು ಹಾರಿ ಊರೊಳಗೆ ನುಗ್ಗಿದ್ದವು. ಎರಡು ಮನೆ ಹೋದವು, ಒಬ್ಬ ಅಜ್ಜಿ ಹೋದಳು. ಆಗ ಊರಿನ ಸಭಾಮನೆಯ ಚಾಪೆಯ ಮೇಲೆ ಕೂತು, ಮುಂದಿನ ಸಲ ಒಂದು ಗಂಟೆ ಮೊದಲೇ ನಿಮಗೆ ಗೊತ್ತಾಗುತ್ತದೆ ಎಂದು ಮಾತು ಕೊಟ್ಟವಳು ಅವಳು. ಸೈರನ್ ಬಸ್ಸಿನ ಮೇಲೆ ವಾಪಸು ಬಂದರೆ ಆ ಮಾತೂ ಅದರ ಜೊತೆಗೇ ವಾಪಸು ಬಂದ ಹಾಗೆ. ಇನ್ನೊಂದು ಸಲ ಆ ಊರು ಅವಳ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.

ಸೈರನ್ನಿನ ಲೆಕ್ಕ ಸರಳವಾಗಿತ್ತು. ಆ ಹೊತ್ತಿನ ಉಬ್ಬರದ ಎತ್ತರಕ್ಕೆ ಅಲೆಯ ಎತ್ತರದ ಅರ್ಧ ಸೇರಿಸಬೇಕು. ಮೊತ್ತ ಎರಡು ಮೀಟರ್ ಅರವತ್ತು ಸೆಂಟಿಮೀಟರ್ ದಾಟಿದರೆ ಕೂಗಬೇಕು. ಉಬ್ಬರದ ಲೆಕ್ಕ ಹೇಳಲು ಒಂದು ಲೈಬ್ರರಿ, ಅಲೆಯ ಲೆಕ್ಕ ಹೇಳಲು ಇನ್ನೊಂದು. ಲೈಬ್ರರಿ ಎಂದರೆ ಒಮ್ಮೆ ಬರೆದಿಟ್ಟ ಲೆಕ್ಕಗಳ ಗಂಟು. ಯಾವ ಪ್ರೋಗ್ರಾಮಿಗೆ ಬೇಕೋ ಅದು ಓಡುವ ಹೊತ್ತಿಗೆ ಕರೆದುಕೊಂಡು ಬಳಸುತ್ತದೆ. ಎರಡೂ ವರ್ಷಗಟ್ಟಲೆ ಬೇರೆ ಬೇರೆ ಪ್ರೋಗ್ರಾಮುಗಳಲ್ಲಿ ತಪ್ಪಿಲ್ಲದೆ ನಡೆದಿದ್ದವು. ತಿಂಗಳ ಹಿಂದಷ್ಟೇ, ಸರ್ವರ್ ನೋಡಿಕೊಳ್ಳುವ ರೊನೀಲ್ ಮತ್ತು ಅವಳು ಸೇರಿ ಎರಡನ್ನೂ ಒಂದೇ ಪ್ರೋಗ್ರಾಮಿನೊಳಗೆ ತಂದಿದ್ದರು.

ಮೊದಲ ಹತ್ತು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಳೆದವು. ದಿಬ್ಬದಾಚೆ ತೇಲುವ ಅಲೆಮಾಪಕದ ಮೇಲೆ ಅನುಮಾನಪಟ್ಟು ದೋಣಿ ಕಳಿಸಿದಳು, ಮಾಪಕ ಸರಿಯಾಗಿತ್ತು. ಗಡಿಯಾರದ ಮೇಲೆ ಅನುಮಾನಪಟ್ಟಳು, ಗಡಿಯಾರ ಸರಿಯಾಗಿತ್ತು. ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಮನ್ನು, ಅದೇ ದಿನದ ಅಂಕಿಗಳ ಮೇಲೆ ಓಡಿಸಿದಳು. ಅಲೆ ನಲವತ್ತು ಸೆಂಟಿಮೀಟರ್, ಸೈರನ್ ಬೇಡ ಎಂದಿತು. ಸರ್ವರಿನಲ್ಲಿ ಓಡಿಸಿದಳು, ಅಲೆ ಒಂದು ಮುಕ್ಕಾಲು ಮೀಟರ್, ಕೂಗು ಎಂದಿತು. ಒಂದೇ ಬರಹ, ಒಂದೇ ಅಂಕಿ, ಎರಡು ಉತ್ತರ. ಎರಡು ಗಂಟೆಗೊಮ್ಮೆ ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಹೊರಗಿನ ಮಳೆ ನೋಡುವುದು, ಮತ್ತೆ ತೆರೆಯುವುದು, ಇದೇ ಆಯಿತು.

“ಅಕ್ಕ, ಹತ್ತು ಗಂಟೆ ಚಾಗೆ ಬಾ,” ಎಂದು ರೊನೀಲ್ ಕರೆದ. “ಬನ್ ಇದೆ. ನೀನು ಆ ಸ್ಕ್ರೀನನ್ನ ಗುರಾಯಿಸ್ತಾ ಕೂತ್ರೆ ಅದೇನು ಹೆದರ್ಕೊಂಡು ನಿಜ ಹೇಳ್ತದಾ?”

“ನಿನ್ನ ಸರ್ವರ್ ಸುಳ್ಳು ಹೇಳ್ತಾ ಇದೆ.”

“ನನ್ನ ಸರ್ವರ್ ಪಾಪದ್ದು. ಹೇಳಿದ್ದು ಮಾಡ್ತದೆ. ನೀನು ಏನು ಹೇಳಿದೀಯ ಅಂತ ನೋಡ್ಕೋ.”

ಈ ಮಾತು ಅವಳಿಗೆ ಉರಿಯಿತು. ಉರಿದದ್ದಕ್ಕೇ ಇರಬೇಕು, ತಲೆಯಲ್ಲೂ ಉಳಿಯಿತು. ಒಂದು ಮುಕ್ಕಾಲು ಮೀಟರ್. ಅವತ್ತಿನ ಉಬ್ಬರ ಎಷ್ಟಿತ್ತು ಎಂದು ಪಕ್ಕದ ಸಾಲು ನೋಡಿದಳು. ಒಂದು ಮುಕ್ಕಾಲು ಮೀಟರ್. ಹಿಂದಿನ ದಿನದ್ದು ನೋಡಿದಳು, ಅದರ ಹಿಂದಿನದ್ದು ನೋಡಿದಳು. ಪ್ರತಿ ಸಾಲಿನಲ್ಲೂ ಅಲೆ ಎಷ್ಟೋ ಉಬ್ಬರವೂ ಅಷ್ಟೇ, ಸೆಂಟಿಮೀಟರಿನ ಮಟ್ಟಿಗೂ. ಒಂದು ತಿಂಗಳಿನಿಂದ ಸರ್ವರ್ ಅಲೆಯನ್ನು ಲೆಕ್ಕ ಹಾಕಿಯೇ ಇರಲಿಲ್ಲ. ಅಲೆಯ ಜಾಗದಲ್ಲೂ ಉಬ್ಬರವನ್ನೇ ಕೂಡಿಸುತ್ತಿತ್ತು.

ಕೈಯಲ್ಲಿದ್ದ ಬನ್ನನ್ನು ಪಕ್ಕಕ್ಕಿಟ್ಟಳು. ಶಾಂತ ಸಮುದ್ರದಲ್ಲಿ ಸೈರನ್ ಕೂಗಿದ್ದು ಚಿಕ್ಕ ತಪ್ಪು. ಈ ತಿಂಗಳಲ್ಲಿ ಇಳಿತದ ಹೊತ್ತಿಗೆ ಮೂರೂವರೆ ಮೀಟರಿನ ಅಲೆ ಬಂದಿದ್ದರೆ? ಉಬ್ಬರ ಕಡಿಮೆ, ಆದ್ದರಿಂದ ಅಲೆಯೂ ಕಡಿಮೆ ಎಂದುಕೊಂಡು ಸೈರನ್ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಬಂದಿರಲಿಲ್ಲ, ಅಷ್ಟೇ.

ಪ್ರೋಗ್ರಾಮ್ ಶುರುವಾಗುವಾಗ ಯಾವ ಹೆಸರನ್ನು ಯಾವ ಲೈಬ್ರರಿಗೆ ಗಂಟು ಹಾಕಿದೆ ಎಂದು ಬರೆದಿಡುವಂತೆ ಲಿಂಕರಿಗೆ ಹೇಳುವ ಒಂದು ಸ್ವಿಚ್ಚು ಇದೆ. ಲಿಂಕರ್ ಎಂದರೆ ಪ್ರೋಗ್ರಾಮ್ ಕೇಳುವ ಹೆಸರನ್ನೂ ಲೈಬ್ರರಿಯಲ್ಲಿರುವ ಹೆಸರನ್ನೂ ಜೋಡಿಸುವ ಮಧ್ಯಸ್ಥ. ಮಂಗಳವಾರ ಮಧ್ಯಾಹ್ನ ಅವಳು ಆ ಸ್ವಿಚ್ಚು ಒತ್ತಿದಳು. ನಲವತ್ತು ಸಾವಿರ ಸಾಲು ಸುರಿಯಿತು. ಅದರ ನಡುವೆ ಒಂದು ಸಾಲು: ಅಲೆಯ ಲೈಬ್ರರಿ ಕೇಳಿದ ‘ಉವಾ’ ಎಂಬ ಹೆಸರನ್ನು ಉಬ್ಬರದ ಲೈಬ್ರರಿಗೆ ಕಟ್ಟಿದೆ.

ವಸೇವಾ ಕುರ್ಚಿಗೆ ಒರಗಿದಳು. ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು. ಇಲಿ ಅವಳದೇ ಮನೆಯದು.

ಆರು ವರ್ಷದ ಹಿಂದೆ ಕಚೇರಿಯಲ್ಲಿ ಒಂದು ಹುಮ್ಮಸ್ಸು ಎದ್ದಿತ್ತು. ಲೈಬ್ರರಿಯ ಒಂದೊಂದು ಲೆಕ್ಕಕ್ಕೂ, ಅಂದರೆ ಫಂಕ್ಷನ್ನಿಗೂ, ಇಂಗ್ಲಿಷ್ ಹೆಸರೇ ಯಾಕೆ, ನಮ್ಮ ಸಮುದ್ರಕ್ಕೆ ನಮ್ಮ ಮಾತಿನ ಹೆಸರು ಇಡೋಣ ಎಂದು. ಅದನ್ನು ಶುರುಮಾಡಿದವರು ಉಬ್ಬರದ ಲೈಬ್ರರಿ ಬರೆದ ಪೌಲಿಯಾಸಿ ಮಾಮ. ಉಬ್ಬರದ ಎತ್ತರ ಹೇಳುವ ಒಳಗಿನ ಫಂಕ್ಷನ್ನಿಗೆ ‘ಉವಾ’ ಎಂದು ಇಟ್ಟರು. ಉವಾ ಎಂದರೆ ಉಬ್ಬರ. ವಸೇವಾ ಅಲೆಯ ಲೈಬ್ರರಿ ಬರೆಯುವಾಗ ಅಲೆಯ ಎತ್ತರ ಹೇಳುವ ಒಳಗಿನ ಫಂಕ್ಷನ್ನಿಗೆ ‘ಉವಾ’ ಎಂದು ಇಟ್ಟಳು. ಉವಾ ಎಂದರೆ ಅಲೆಯೂ ಹೌದು. ಎರಡೂ ಕೇಳುವುದು ಜಾಗ ಮತ್ತು ಹೊತ್ತು, ಎರಡೂ ಹೇಳುವುದು ಮೀಟರಿನಲ್ಲಿ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಯಾವ ಯಂತ್ರಕ್ಕೂ ಅನುಮಾನ ಬರುವ ಹಾಗಿರಲಿಲ್ಲ.

ಅವಳ ಲ್ಯಾಪ್‌ಟಾಪ್ ಬೇರೆ ಪಂಗಡದ್ದು. ಅದು ಹೆಸರಿನ ಜೊತೆಗೆ ಮನೆಯನ್ನೂ ನೆನಪಿಡುತ್ತದೆ: ಇಂಥ ಲೈಬ್ರರಿಯ ಉವಾ. ಸರ್ವರಿನ ಲಿಂಕರ್ ಹೆಸರನ್ನು ಮಾತ್ರ ಕೇಳುತ್ತದೆ. ಸಾಲಿನಲ್ಲಿ ಮೊದಲು ನಿಂತವನು ಕೈ ಎತ್ತಿದರೆ ಎಲ್ಲರಿಗೂ ಅವನನ್ನೇ ಕೊಟ್ಟುಬಿಡುತ್ತದೆ. ಅಲೆಯ ಲೈಬ್ರರಿ ತನ್ನ ಮನೆಯೊಳಗೆ ನಿಂತು ತನ್ನ ಉವಾನನ್ನು ಕರೆದರೂ ಬಾಗಿಲಿಗೆ ಬರುವವನು ಪಕ್ಕದ ಮನೆಯವನು.

ರೊನೀಲನಿಗೆ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಮನೆಮಾತು ಬೇರೆ.

“ನಿಮ್ಮ ಭಾಷೇಲಿ ಪದಗಳಿಗೆ ಅಷ್ಟೊಂದು ಬರಾನಾ ಅಕ್ಕ? ನಮ್ಮತ್ರ ಕೇಳಿದ್ರೆ ನಾಕು ಸಾಲ ಕೊಡ್ತಿದ್ವಲ್ಲ.”

“ಬಾಯಿ ಮುಚ್ಚು. ಲೈಬ್ರರಿಗಳ ಸಾಲು ಅದಲು ಬದಲು ಮಾಡು. ನನ್ನದು ಮುಂದೆ ಬರಲಿ. ಇವತ್ತಿಗೆ ಅಷ್ಟು ಸಾಕು.”

ಅವನು ಮಾಡಿದ. ಅಲೆ ನಲವತ್ತು ಸೆಂಟಿಮೀಟರಿಗೆ ಇಳಿಯಿತು. ಅವಳು ಉಸಿರು ಬಿಡುವಷ್ಟರಲ್ಲಿ ರೊನೀಲ್ ಕೊರಳು ಚಾಚಿ ಸ್ಕ್ರೀನ್ ನೋಡಿದ.

“ಅಕ್ಕ, ಉಬ್ಬರಾನೂ ನಲವತ್ತು ಸೆಂಟಿಮೀಟರೇ ತೋರಿಸ್ತಿದೆ. ಬಂದರಿನೋರು ಇದನ್ನ ನೋಡಿದ್ರೆ ಹಡಗುಗಳನ್ನ ಎತ್ಕೊಂಡು ಹೋಗೋಕೆ ಕೂಲಿ ಕರೀತಾರೆ.”

ಎತ್ತು ಏರಿಗೆ, ಕೋಣ ನೀರಿಗೆ. ಸಾಲನ್ನು ಹಿಂದಿನಂತೆಯೇ ಇಡಬೇಕಾಯಿತು. ಮಂಗಳವಾರ ಹಾಗೆ ಮುಗಿಯಿತು.

ಬುಧವಾರ ಬೆಳಗ್ಗೆ ಪೌಲಿಯಾಸಿ ಮಾಮ ಬಂದರು. ನಿವೃತ್ತರಾಗಿ ಎರಡು ವರ್ಷವಾದರೂ ಬುಧವಾರ ತಪ್ಪದೆ ಬಂದು, ತಮ್ಮ ಹಳೆಯ ಕುರ್ಚಿಯಲ್ಲಿ ಯಾರು ಕೂತಿದ್ದರೂ ಎಬ್ಬಿಸಿ, ಚಹಾ ಕುಡಿದು ಹೋಗುವುದು ಅವರ ವಾಡಿಕೆ. ಉಬ್ಬರದ ಲೈಬ್ರರಿ ಇಂದಿಗೂ ಅವರದೇ. ಅವರನ್ನು ಕೇಳದೆ ಅದರಲ್ಲಿ ಒಂದು ಅಲ್ಪವಿರಾಮವನ್ನೂ ಯಾರೂ ಮುಟ್ಟುತ್ತಿರಲಿಲ್ಲ.

“ಅಲೆಗೆ ಉವಾ ಅಂತ ಯಾರಾದ್ರೂ ಇಡ್ತಾರೇನೇ?” ಎಂದರು. “ನಮ್ಮ ಕಡೆ ಅಲೆ ಅಂದ್ರೆ ಬಿಯಾವು. ಉವಾ ಅಂದ್ರೆ ಉಬ್ಬರ. ಚಿಕ್ಕ ಮಕ್ಕಳಿಗೂ ಗೊತ್ತು.”

“ನಮ್ಮಮ್ಮ ಎರಡಕ್ಕೂ ಉವಾ ಅಂತಾಳೆ ಮಾಮ.”

“ನಿಮ್ಮಮ್ಮನ ದ್ವೀಪದೋರಿಗೆ ಮೀನು ಜಾಸ್ತಿ, ಮಾತು ಕಮ್ಮಿ.”

“ಮಾತು ಜಾಸ್ತಿ ಇರೋರ ಊರಲ್ಲಿ ಮೀನು ಟಿನ್ನಲ್ಲಿ ಬರ್ತದಂತೆ,” ಎಂದಳು. ಅವರು ಮೆಚ್ಚಿಕೊಂಡು ಚಹಾ ಹೀರಿದರು. ಅವಳು ಮೆಲ್ಲನೆ ವಿಷಯಕ್ಕೆ ಬಂದಳು. “ಮಾಮ, ನಿಮ್ಮ ಲೈಬ್ರರಿ ಒಳಗಿನ ಹೆಸರುಗಳನ್ನ ಮರೆ ಮಾಡೋಣ. ಹೊರಗಿನೋರಿಗೆ ಬೇಕಾಗಿರೋದು ನಾಲ್ಕೇ. ಮಿಕ್ಕಿದ್ದು ಒಳಗಿರಲಿ.”

ಅವರ ಮುಖ ಗಂಟಾಯಿತು.

“ಜನರ ಸಮುದ್ರ, ಜನರ ಲೆಕ್ಕ. ನಾನು ಮೂವತ್ತು ವರ್ಷ ಒಂದು ಹೆಸರನ್ನೂ ಮುಚ್ಚಿಟ್ಟಿಲ್ಲ. ನಿನ್ನ ಮನೆಗೆ ಯಾರೋ ಬಂದ್ರು ಅಂತ ನನ್ನ ಮನೆ ಬಾಗಿಲು ಹಾಕು ಅಂತೀಯಲ್ಲ. ಹಾಕೋದಾದ್ರೆ ನಿನ್ನದು ಹಾಕ್ಕೋ.”

ವಾದ ಮಾಡಲು ಹೊರಟವಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ಮುದುಕ ಹಟಕ್ಕೆ ಹೇಳಿದ್ದು, ಆದರೆ ಲೆಕ್ಕಕ್ಕೆ ಸರಿಯಾಗಿತ್ತು. ಅವಳ ಲೈಬ್ರರಿಯ ಉವಾ ಮರೆಯಾದರೆ ಸಾಕು. ಆಗ ಮನೆಯೊಳಗಿನ ಕೂಗು ಮನೆಯೊಳಗೇ ಕೇಳುತ್ತದೆ, ಲಿಂಕರಿನ ಕಿವಿಗೆ ಬೀಳುವುದೇ ಇಲ್ಲ. ಬಯಲಲ್ಲಿ ಒಂದೇ ಉವಾ ಉಳಿಯುತ್ತದೆ, ಅದು ಪೌಲಿಯಾಸಿ ಮಾಮನದು.

ಅವಳು ಎಣಿಸಿ ನೋಡಿದಳು. ಅವಳ ಲೈಬ್ರರಿಯಿಂದ ಇನ್ನೂರ ಹನ್ನೆರಡು ಹೆಸರುಗಳು ಬೀದಿಗೆ ಬಿದ್ದಿದ್ದವು. ಯಾರೂ ಬೇಡವೆನ್ನದಿದ್ದರೆ ಎಲ್ಲವೂ ಹೊರಗೆ ಕಾಣುವುದೇ ಆ ಸರ್ವರಿನ ಪದ್ಧತಿ. ಅವಳು ಬೇಡವೆಂದಿರಲಿಲ್ಲ, ಬೇಡವೆನ್ನಬಹುದು ಎಂದು ಆಗ ತಿಳಿದೇ ಇರಲಿಲ್ಲ. ಅವುಗಳಲ್ಲಿ ಮೂರು ಹೆಸರು ಮಾಮನ ಲೈಬ್ರರಿಯಲ್ಲೂ ಇದ್ದವು: ಉವಾ, ದಿನವೆಂಬರ್ಥದ ಸಿಂಗಾ, ಹೊತ್ತೆಂಬರ್ಥದ ಗೌನಾ. ಸಿಂಗಾ, ಗೌನಾ ಎರಡೂ ಕಡೆ ಒಂದೇ ಕೆಲಸ ಮಾಡುತ್ತಿದ್ದುದರಿಂದ ಅದಲುಬದಲಾದರೂ ಕೇಡಿರಲಿಲ್ಲ. ಒಂದು ಉವಾನ ಹೆಸರು ಬದಲಿಸಿದರೆ ಇವತ್ತು ಕಳೆದೀತು, ನಾಳೆ ಇನ್ನೊಂದು ಹೆಸರು ಡಿಕ್ಕಿ ಹೊಡೆಯುತ್ತದೆ. ಅವಳು ಚಿಕ್ಕದೊಂದು ಪಟ್ಟಿ ಬರೆದಳು: ಹೊರಗೆ ಕಾಣಬೇಕಾದವು ಈ ಐದು, ಮಿಕ್ಕಿದ್ದೆಲ್ಲ ಮರೆಯಲ್ಲಿ. ಪಟ್ಟಿಯನ್ನು ಲಿಂಕರಿಗೆ ಕೊಟ್ಟು ಲೈಬ್ರರಿಯನ್ನು ಹೊಸದಾಗಿ ಕಟ್ಟಿದಳು. ಸರ್ವರಿನಲ್ಲಿ ಅಲೆ ನಲವತ್ತು ಸೆಂಟಿಮೀಟರ್, ಉಬ್ಬರ ಒಂದು ಮುಕ್ಕಾಲು ಮೀಟರ್. ಬೇರೆ ಬೇರೆ. ರೊನೀಲ್ ಮೇಜಿನ ಮೇಲೆ ಎರಡು ಸಲ ತಟ್ಟಿದ. ಲೈಬ್ರರಿ ಅವತ್ತೇ ಎಲ್ಲ ದ್ವೀಪಗಳ ಕಚೇರಿಗಳಿಗೂ ಹೋಯಿತು.

ಗುರುವಾರ ಬೆಳಗ್ಗೆ ಎಂಟಕ್ಕೆ ನೆರೆಯ ದ್ವೀಪದೇಶ ತೊಂಗಾದಿಂದ ಫೋನು ಬಂತು. ಅಲ್ಲಿನ ಮುನ್ಸೂಚನೆ ನೋಡಿಕೊಳ್ಳುವ ಫಿನೆಯಾಸಿಯ ದನಿ ಯಾವಾಗಲೂ ಪಕ್ಕದ ಕೋಣೆಯಲ್ಲಿ ಇರುವವನಷ್ಟು ದೊಡ್ಡದು.

“ವಸೇವಾ, ನಿಮ್ಮ ಫಿಜಿಯೋರು ನಮ್ಮ ಮೇಲೆ ಯುದ್ಧಕ್ಕೆ ಬರೋದಾದ್ರೆ ದೋಣೀಲಿ ಬರ್ರಿ. ಹಿಂಗೆ ಕದ್ದು ಬರಬೇಡ್ರಿ.”

“ಏನಾಯ್ತು?”

“ನಮ್ಮ ಪ್ರೋಗ್ರಾಮ್ ಏಳ್ತಾನೇ ಇಲ್ಲ. ಉವಾ ಅನ್ನೋ ಹೆಸರು ಸಿಗಲಿಲ್ಲ ಅಂತ ಹೇಳಿ ಸಾಯ್ತಿದೆ.”

“ಉವಾ ನಿಮಗ್ಯಾಕೆ ಬೇಕು? ಅದು ಒಳಗಿನದು. ನೀವು ಕರೀಬೇಕಾದ್ದು ಐದೇ ಐದು, ಪುಸ್ತಕದಲ್ಲಿ ಬರೆದಿದೆ.”

“ನಿಮ್ಮ ಐದರಲ್ಲಿ ಬಂದರಿನ ಒಳಗಿನ ಅಲೆ ಸಿಗಲ್ಲ ಕಣಮ್ಮಾ. ಅದಕ್ಕೆ ನಾಲ್ಕು ವರ್ಷದಿಂದ ನೇರವಾಗಿ ಉವಾನನ್ನೇ ಕರೀತಿದೀನಿ. ಬಾಗಿಲು ತೆರೆದಿತ್ತು, ಬಂದೆ. ಕೂತೆ, ಉಂಡೆ. ಈಗ ಏಕ್‌ದಂ ಚಿಲಕ ಹಾಕಿದ್ರೆ?”

“ಕೇಳಬಾರದಿತ್ತಾ ಒಂದು ಮಾತು?”

“ತೆರೆದಿರೋ ಬಾಗಿಲಿಗೆ ಯಾರು ತಟ್ತಾರೆ? ಇವತ್ತು ದೋಣಿಗಳು ಹೊರಡೋಕೆ ನಾನು ಹೇಳಬೇಕು. ಏನು ಹೇಳಲಿ, ಆಕಾಶ ನೋಡಿ ಹೇಳಲಾ?”

ಹಳೆಯ ಲೈಬ್ರರಿಯನ್ನು ಅವನಿಗೆ ವಾಪಸು ಕಳಿಸಿ, ವಸೇವಾ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ತಾನು ಮುಚ್ಚದೆ ಬಿಟ್ಟ ಹೆಸರೊಂದು ನಾಲ್ಕು ವರ್ಷದಲ್ಲಿ ಇನ್ನೊಬ್ಬನ ಹಕ್ಕಾಗಿಹೋಗಿತ್ತು. ತೆರೆದರೆ ವೈಲೋಮದ ಸೈರನ್ ಕೂಗುತ್ತದೆ, ಮುಚ್ಚಿದರೆ ತೊಂಗಾದ ದೋಣಿ ನಿಲ್ಲುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಅವನಿಗೊಂದು ಲೈಬ್ರರಿ, ನಮಗೊಂದು ಇಟ್ಕೊಳ್ಳೋಣ,” ಎಂದ ರೊನೀಲ್, ರೊಟ್ಟಿಯ ಸುರುಳಿ ಬಿಚ್ಚುತ್ತ.

“ಆಮೇಲೆ ಯಾವುದು ಎಲ್ಲಿದೆ ಅಂತ ನೋಡ್ಕೊಳ್ಳೋರು ಯಾರು? ನೀನಾ?”

ಅವನು ರೊಟ್ಟಿ ಕಚ್ಚಿದ.

ಮಧ್ಯಾಹ್ನದವರೆಗೂ ಕೈಪಿಡಿ ಓದಿದಳು. ಅದು ಬರೆದವರಿಗೇ ಅರ್ಥವಾಗಲಿ ಎಂದು ಬರೆದಂಥ ಕೈಪಿಡಿ. ಕಾಣಿಸು, ಮರೆಸು ಎಂಬ ಎರಡರ ನಡುವೆ ಮೂರನೆಯದೊಂದು ಬಗೆ ಇದೆ ಎಂದು ಅದರ ಒಂದು ಮೂಲೆಯಲ್ಲಿ ಎರಡು ಸಾಲು ಇತ್ತು. ಆ ಬಗೆಯ ಹೆಸರು ಹೊರಗಿನವರಿಗೂ ಕಾಣುತ್ತದೆ. ಯಾರು ಬೇಕಾದರೂ ಬಂದು ಕರೆಯಬಹುದು. ಆದರೆ ಮನೆಯವರು ಕರೆದಾಗ ಮನೆಯವನೇ ಓಗೊಡಬೇಕು, ಅದೇ ಹೆಸರಿನ ಪರರು ಬರುವಂತಿಲ್ಲ. ಕಾವಲಿಟ್ಟ ಹೆಸರು. ಎರಡು ಸಾಲು ಓದಲು ಎರಡು ವಾರ ಹಿಡಿಯಿತಲ್ಲ ಎಂದು ಅವಳಿಗೆ ಅಳು ಬಂದಂತಾಯಿತು. ಸಂತೋಷದ ಅಳುವಂತೂ ಅಲ್ಲ.

ಉವಾನನ್ನು ಪಟ್ಟಿಗೆ ಆರನೆಯ ಹೆಸರಾಗಿ ಸೇರಿಸಿ, ಅದರ ಮುಂದೆ ಕಾವಲಿನ ಗುರುತು ಹಾಕಿದಳು. ಮಿಕ್ಕ ಇನ್ನೂರ ಆರು ಮರೆಯಲ್ಲೇ ಉಳಿದವು. ಸಂಜೆ ನಾಲ್ಕಕ್ಕೆ ಸುವಾದಲ್ಲಿ ಅಂಕಿ ಸರಿ ಬಂತು, ನಾಲ್ಕೂವರೆಗೆ ತೊಂಗಾದಲ್ಲಿ ಪ್ರೋಗ್ರಾಮ್ ಎದ್ದಿತು. ಫಿನೆಯಾಸಿ ಫೋನಿನಲ್ಲಿ ಶಾಂತಿ ಘೋಷಿಸಿ, ಯುದ್ಧದ ಖರ್ಚಿಗೆಂದು ಒಂದು ಹಂದಿ ಕೇಳಿದ.

ಶುಕ್ರವಾರ ಬೆಳಗ್ಗೆ ಆರೂವರೆಗೇ ಇಬ್ಬರೂ ಸ್ಕ್ರೀನಿನ ಮುಂದೆ ಇದ್ದರು. ಉಬ್ಬರ ಏರುತ್ತ ಬಂತು: ಒಂದು ಎಂಬತ್ತೆಂಟು, ಒಂದು ತೊಂಬತ್ತೊಂದು, ಏಳಕ್ಕೆ ಒಂದು ತೊಂಬತ್ತನಾಲ್ಕು. ಅಲೆ ಅರ್ಧ ಮೀಟರ್. ಮೊತ್ತ ಎರಡು ಹತ್ತೊಂಬತ್ತು. ‘ಸೈರನ್: ಬೇಡ’ ಎಂಬ ಸಾಲು ಅಲುಗಲಿಲ್ಲ. ಏಳೂಕಾಲಾಯಿತು, ಏಳೂವರೆಯಾಯಿತು, ನೀರು ಇಳಿಯತೊಡಗಿತು. ವಸೇವಾ ವೈಲೋಮಕ್ಕೆ ಫೋನ್ ಮಾಡಿದಳು.

“ಇವತ್ತು ಕೂಗಲಿಲ್ಲ ಅಲ್ವಾ?” ಎಂದಳು. ದನಿಯಲ್ಲಿ ಇದ್ದ ಗೆಲುವನ್ನು ಅಡಗಿಸಲು ಅವಳಿಗೆ ಆಗಲಿಲ್ಲ.

“ಹೆಂಗೆ ಕೂಗ್ತದೆ?” ಎಂದರು ಕಿತಿಯೋನೆ. “ಬುಧವಾರವೇ ವಯರ್ ಕಿತ್ತಾಕಿದೀವಿ. ಆ ಸಾಕೆಟ್ಟಿಗೆ ಈಗ ಅಂಗಡಿ ಫ್ರಿಜ್ ಹಾಕಿದೀವಿ. ಐಸ್ ಚೆನ್ನಾಗಿ ಕಟ್ತಿದೆ.”

ಅವಳು ಸ್ಕ್ರೀನ್ ನೋಡಿದಳು. ‘ವೈಲೋಮ ಪೆಟ್ಟಿಗೆಯ ಸಂಪರ್ಕ ಇಲ್ಲ’ ಎಂಬ ಹಳದಿ ಸಾಲು ಕೆಳಗಡೆ, ಇನ್ನೂ ಮೂರು ಹಳದಿ ಸಾಲುಗಳ ಅಡಿಯಲ್ಲಿ, ಎರಡು ದಿನದಿಂದ ಇತ್ತು. ಇಬ್ಬರೂ ಒಂದೇ ಅಂಕಿಯ ಮೇಲೆ ಕಣ್ಣು ನೆಟ್ಟು ಅದನ್ನು ನೋಡಿರಲಿಲ್ಲ.

ರೊನೀಲ್ ಎದ್ದು ಹೋಗಿ ಚಹಾ ತಂದ.

ಒಂಬತ್ತರ ಬಸ್ಸಿಗೆ ಅವಳು ಹೊರಟಳು. ಮಾರುಕಟ್ಟೆಯಲ್ಲಿ, ಅರೆದು ಕುಡಿಯಲು ಹಿರಿಯರಿಗೆ ಕಾಣಿಕೆ ಕೊಡುವ ಯಂಗೋನ ಬೇರಿನ ಒಂದು ಒಳ್ಳೆಯ ಕಟ್ಟು ಕೊಂಡಳು. ಬರಿಗೈಯಲ್ಲಿ ಕ್ಷಮೆ ಕೇಳಲು ಹೋಗುವಂತಿಲ್ಲ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಹೆಣೆದಳು, ಬಿಚ್ಚಿದಳು. ಕಚೇರಿಯ ನಿರ್ದೇಶಕರಿಗೆ ಇದನ್ನೇ ಚಿತ್ರ ಬರೆದು ಮುಕ್ಕಾಲು ಗಂಟೆ ವಿವರಿಸಿದ್ದಳು. ಅವರು ಕೊನೆಗೆ “ಅಂದ್ರೆ ಮಾಪಕ ಹಾಳಾಗಿತ್ತಾ?” ಎಂದಿದ್ದರು.

ಸಭಾಮನೆಯಲ್ಲಿ ಬೇರಿನ ಕಟ್ಟನ್ನು ಮುಂದಿಟ್ಟು, ಸೊಂಟಕ್ಕೆ ಸುತ್ತಿದ ಸುಲುವಿನ ಅಂಚು ಸರಿಮಾಡಿಕೊಂಡು, ಕಾಲು ಮಡಿಸಿ ಕೂತಳು. ಕಿತಿಯೋನೆ ಕಟ್ಟನ್ನು ಮುಟ್ಟಿ ಒಪ್ಪಿಕೊಂಡರು, ಅಂಗೈ ಬೋಗುಣಿ ಮಾಡಿ ಮೂರು ಸಲ ತಟ್ಟಿದರು. ಆಮೇಲೆ, ಹೇಳು ಎಂಬಂತೆ ತಲೆಯಾಡಿಸಿದರು.

“ತಪ್ಪು ನನ್ನದು,” ಎಂದಳು. “ಉಬ್ಬರ ಹೇಳೋನೊಬ್ಬ, ಅಲೆ ಹೇಳೋನೊಬ್ಬ ಇದ್ದಾರೆ ಅಂದ್ಕೊಳ್ಳಿ. ನಾನು ಇಬ್ಬರಿಗೂ ಒಂದೇ ಹೆಸರು ಬರೋ ಹಾಗೆ ಮಾಡ್ದೆ. ಅಲೆಯೋನನ್ನ ಕರೆದ್ರೆ ಉಬ್ಬರದೋನು ಬಂದು ಉತ್ತರ ಕೊಡ್ತಿದ್ದ.”

“ಯದಾ,” ಎಂದರು ಕಿತಿಯೋನೆ ತಕ್ಷಣ. ಒಂದೇ ಹೆಸರು ಹೊತ್ತವರು ಒಬ್ಬರನ್ನೊಬ್ಬರು ಹಾಗೆಯೇ ಕರೆಯುವುದು. “ಈ ಊರಲ್ಲೂ ಇಬ್ಬರು ಕಿತಿಯೋನೆ ಇದೀವಿ. ನನ್ನ ಮೊಣಕಾಲಿನ ಮಾತ್ರೆ ಆಸ್ಪತ್ರೆಯಿಂದ ಬಂದ್ರೆ ಒಂದು ವರ್ಷ ಅವನೇ ನುಂಗಿದ. ಮೊಣಕಾಲು ಚೆನ್ನಾಗಾಯ್ತು ಅಂತ ಬೇರೆ ಹೇಳ್ತಿದ್ದ.”

ಹಿಂದೆ ಕೂತಿದ್ದ ಹೆಂಗಸರು ನಕ್ಕರು. ಕಿತಿಯೋನೆ ನಗಲಿಲ್ಲ.

“ಆಮೇಲೆ ನರ್ಸಮ್ಮ ಯಾವ ಮನೆ ಕಿತಿಯೋನೆ ಅಂತ ಕೇಳೋಕೆ ಶುರು ಮಾಡಿದ್ಲು. ಯಾವ ಮನೆ ಅಂತ ಕೇಳೋಷ್ಟು ಬುದ್ಧಿ ನಿನ್ನ ಯಂತ್ರಕ್ಕೆ ಇಲ್ವಾ?”

“ಇಲ್ಲ.”

“ನಿನಗೆ?”

“ಈಗ ಬಂತು.”

ಅವರು ಚಾಪೆಯ ಒಂದು ಎಳೆಯನ್ನು ಬೆರಳಿನಿಂದ ಸವರುತ್ತ ಯೋಚಿಸಿದರು. “ವಯರ್ ಹಾಕ್ತೀವಿ. ಫ್ರಿಜ್ಜಿಗೆ ಬೇರೆ ಸಾಕೆಟ್ ಹುಡುಕ್ತೀವಿ. ಆದ್ರೆ ಹುಣ್ಣಿಮೆ ಉಬ್ಬರಕ್ಕೆ ನೀನು ಇಲ್ಲಿರಬೇಕು. ಆ ಕಂಬದ ಕೆಳಗೇ ಕೂರಬೇಕು. ಸುಮ್ನೆ ಕೂಗಿದ್ರೆ, ಗುಡ್ಡಕ್ಕೆ ಮೊದಲ ಅಜ್ಜೀನ ನೀನೇ ಹೊರಬೇಕು. ಭಾರದ ಅಜ್ಜೀನೇ ಆರಿಸಿ ಕೊಡ್ತೀವಿ.”

ಹುಣ್ಣಿಮೆಯ ಹಿಂದಿನ ಸಂಜೆಯೇ ಅವಳು ಬಂದಳು. ಬೆಳಗ್ಗೆ ಆರಕ್ಕೆ ಸೈರನ್ ಕಂಬದ ಕೆಳಗೆ, ತೆಂಗಿನ ದಿಮ್ಮಿಯ ಮೇಲೆ ಕೂತಳು. ಕಿತಿಯೋನೆ ಪಕ್ಕದಲ್ಲಿ ಬೇಯಿಸಿದ ಮರಗೆಣಸನ್ನು ಎಲೆಯ ಮೇಲೆ ಇಟ್ಟುಕೊಂಡು ಕೂತರು. ನೀರು ಮೆಲ್ಲಗೆ ಮರಳನ್ನೆಲ್ಲ ನುಂಗಿ ಹುಲ್ಲಿನ ಅಂಚಿಗೆ ಬಂತು, ಅಲ್ಲಿ ನಿಂತಿತು. ಅಲೆ ಎನ್ನುವಂಥದ್ದು ಏನೂ ಇರಲಿಲ್ಲ. ಸೈರನ್ ಕೂಗಲಿಲ್ಲ. ಹೆಂಗಸರು ಬಟ್ಟೆ ಒಗೆಯಲು ಹೋದರು, ಮಕ್ಕಳು ಶಾಲೆಗೆ ಹೊರಟರು. ಯಾರೂ ಈ ಕಡೆ ನೋಡಲೂ ಇಲ್ಲ.

“ಇದು ಸುಮ್ನಿರೋದಾ, ಸತ್ತಿರೋದಾ?” ಎಂದರು ಕಿತಿಯೋನೆ.

“ಸುಮ್ನಿರೋದು.”

“ನಿನಗೆ ಹೆಂಗೆ ಗೊತ್ತು?”

ಅವಳಿಗೂ ಖಚಿತವಿರಲಿಲ್ಲ. ಎದ್ದು ಹೋಗಿ ಸಾಕೆಟ್ ನೋಡಿದಳು, ವಯರ್ ಇತ್ತು. ಕಂಬಕ್ಕೆ ಹೊಡೆದ ಕಬ್ಬಿಣದ ಪೆಟ್ಟಿಗೆಯ ಬೀಗ ತನ್ನ ಕೈಚೀಲದಲ್ಲಿದ್ದ ಕೀಲಿಯಿಂದ ತೆಗೆದಳು. ಒಳಗೆ ಚಿಕ್ಕ ಹಸಿರು ದೀಪ ಉರಿಯುತ್ತಿತ್ತು.

“ನೋಡಿ, ಉರೀತಿದೆ. ಹಸಿರು ಇದ್ರೆ ಬದುಕಿದೆ ಅಂತ.”

ಕಿತಿಯೋನೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. “ಇದು ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ಕೀಲಿ ಸುವಾದಲ್ಲಿ. ದೀಪ ಕಬ್ಬಿಣದೊಳಗೆ. ಯಾರಿಗೆ ಹಚ್ಚಿದೀಯ ಇದನ್ನ?”

“ಮಕ್ಕಳು ಕೈ ಹಾಕ್ತಾರೆ ಅಂತ...” ಎಂದು ಶುರುಮಾಡಿದವಳು ನಿಲ್ಲಿಸಿದಳು. “ಬಾಗಿಲಿಗೆ ಗಾಜು ಇಡೋಕೆ ಅರ್ಜಿ ಹಾಕ್ತೀನಿ. ಎಲೆಕ್ಟ್ರಿಷಿಯನ್ ಬರೋಕೆ ಒಂದು ತಿಂಗಳಾಗಬಹುದು.”

ಕಿತಿಯೋನೆ ಮನೆಯ ಕಡೆ ತಿರುಗಿ ಯಾರನ್ನೋ ಕೂಗಿದರು. ಒಂದು ಸ್ಕ್ರೂಡ್ರೈವರ್ ಬಂತು. ಮೊಣಕಾಲೂರಿ, ಅವಸರವಿಲ್ಲದೆ, ಪೆಟ್ಟಿಗೆಯ ಬಾಗಿಲಿನ ಕೀಲುಗಳ ನಾಲ್ಕು ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಎಲೆಯ ಮೇಲೆ ಮರಗೆಣಸಿನ ಪಕ್ಕ ಇಟ್ಟರು. ಉಪ್ಪುಗಾಳಿ ಬಡಿದರೆ ಒಳಗಿನ ತಂತಿ ಆರು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ, ಮಳೆ ನೀರು ಇಳಿಯುತ್ತದೆ, ಪ್ರತಿ ತಿಂಗಳೂ ತಾನೇ ಬಂದು ಒರೆಸಬೇಕಾಗುತ್ತದೆ ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಿರುಪುಗಳು ಉರುಳದಂತೆ ಎಲೆಯ ಅಂಚನ್ನು ಎತ್ತಿ ಹಿಡಿದಳು.

“ಬಾಗಿಲನ್ನ ಬಸ್ಸಿಗೆ ಹಾಕಿ ಕೊಡ್ತೀನಿ,” ಎಂದರು ಕಿತಿಯೋನೆ. “ತಗೊಂಡು ಹೋಗು.”

ಅವರು ಅದನ್ನು ಕೈಗೆ ಕೊಟ್ಟರು. ಕಬ್ಬಿಣ ಆಗಲೇ ಬಿಸಿಲಿಗೆ ಕಾದಿತ್ತು. ಶಾಲೆಗೆ ತಡವಾಗಿ ಓಡುತ್ತಿದ್ದ ಒಬ್ಬಳು ಹುಡುಗಿ ನಿಂತು ಪೆಟ್ಟಿಗೆಯೊಳಗೆ ನೋಡಿ, “ಅದು ಯಾಕೆ ಉರೀತಿದೆ?” ಎಂದು ಕೇಳಿದಳು.

“ಸೈರನ್ ಎಚ್ಚರ ಇದೆ ಅಂತ,” ಎಂದಳು ವಸೇವಾ, ಬಾಗಿಲನ್ನು ಕಂಕುಳಲ್ಲಿ ಅವುಚಿಕೊಂಡು. “ಆರಿಹೋದ್ರೆ ನನಗೆ ಫೋನ್ ಮಾಡ್ಬೇಕು.”